ಹುಟ್ಟೇ ಅಪರಾಧವಾದಾಗ: ವಿಜಯಪುರ ಸೀಮೆಯ ಒಂದು ಚರಿತ್ರೆ ಮತ್ತು ಅಪರಾಧ ನ್ಯಾಯದ ಮೂಲ ಪರಿಕಲ್ಪನೆಗಳು

ಅಪರಾಧ, ಅಪರಾಧಿ, ಶಿಕ್ಷೆ, ಸುಧಾರಣೆ ಎಂಬ ಪದಗಳನ್ನು ನಾವು ಪ್ರಬೋಧನೆಯಲ್ಲಿಯೂ ಪಾಠದ ಕೊಠಡಿಯಲ್ಲಿಯೂ ಧಾರಾಳವಾಗಿ ಬಳಸುತ್ತೇವೆ. ಪಾಪ ಮತ್ತು ಅಪರಾಧ ಒಂದೇ ಅಲ್ಲವೆಂದು ನೀತಿದೈವಶಾಸ್ತ್ರದ ಮೊದಲ ಪಾಠಗಳಲ್ಲಿಯೇ ಹೇಳಿಕೊಡುತ್ತೇವೆ. ಆದರೆ ಅಪರಾಧವೆಂದರೇನು, ಒಬ್ಬ ಮನುಷ್ಯನನ್ನು ಅಪರಾಧಿಯೆಂದು ಕರೆಯುವ ಅಧಿಕಾರ ಯಾರಿಗಿದೆ, ಯಾವ ಆಧಾರದ ಮೇಲೆ ಕರೆಯಬಹುದು ಎಂಬ ಪ್ರಶ್ನೆಗಳನ್ನು ನ್ಯಾಯಶಾಸ್ತ್ರಜ್ಞರಿಗೆ ಬಿಟ್ಟು ಮುಂದೆ ಸಾಗುವುದು ನಮ್ಮ ರೂಢಿ. ಈ ರೂಢಿ ಎಷ್ಟು ಅಪಾಯಕಾರಿ ಎಂಬುದಕ್ಕೆ ನಮ್ಮ ನಾಡಿನ ಚರಿತ್ರೆಯೇ ಸಾಕ್ಷಿ ನುಡಿಯುತ್ತದೆ. ವಿಜಯಪುರ ನಗರ, ತಿಕೋಟಾ, ಬಬಲೇಶ್ವರಗಳನ್ನೊಳಗೊಂಡ ಹಳೆಯ ಬಿಜಾಪುರ ಜಿಲ್ಲೆಯಲ್ಲಿ ಕೆಲವು ಸಮುದಾಯಗಳ ಜನರನ್ನು, ಅವರು ಮಾಡಿದ ಕೃತ್ಯಕ್ಕಾಗಿ ಅಲ್ಲ, ಅವರು ಹುಟ್ಟಿದ ಕುಲಕ್ಕಾಗಿ ಅಪರಾಧಿಗಳೆಂದು ದಾಖಲಿಸಿದ ಕಾಲವೊಂದಿತ್ತು. ಆ ವ್ಯವಸ್ಥೆಯನ್ನು ನಡೆಸುವುದರಲ್ಲಿ ಕ್ರೈಸ್ತ ಮಿಷನರಿಗಳ ಕೈಯೂ ಸೇರಿತ್ತು. ಆದುದರಿಂದ ಈ ಚರಿತ್ರೆ ನಮಗೆ ಹೊರಗಿನದಲ್ಲ.

ಈ ಲೇಖನದಲ್ಲಿ ಮೊದಲು ಅಪರಾಧ ನ್ಯಾಯದ ಮೂಲ ಪರಿಕಲ್ಪನೆಗಳನ್ನು ಸಂಕ್ಷೇಪವಾಗಿ ಗುರುತಿಸಿ, ಅನಂತರ ಆ ಪರಿಕಲ್ಪನೆಗಳು ಬಿಜಾಪುರ ಸೀಮೆಯಲ್ಲಿ ಹೇಗೆ ಮುರಿದುಬಿದ್ದವು ಎಂಬುದನ್ನು ನೋಡಿ, ಕೊನೆಗೆ ದೈವಶಾಸ್ತ್ರದ ಬೆಳಕಿನಲ್ಲಿ ಅದನ್ನು ವಿವೇಚಿಸಲು ಯತ್ನಿಸುತ್ತೇವೆ.

1. ಮೂಲ ಪರಿಕಲ್ಪನೆಗಳು

ಆಧುನಿಕ ಅಪರಾಧ ನ್ಯಾಯವು ಕೆಲವೇ ಕಂಬಗಳ ಮೇಲೆ ನಿಂತಿದೆ. ಮೊದಲನೆಯದು ಕೃತ್ಯ. ಕಾನೂನು ನಿಷೇಧಿಸಿದ ಒಂದು ನಿರ್ದಿಷ್ಟ ಕೃತ್ಯ ನಡೆದಿರಬೇಕು. ಬರಿಯ ಸ್ವಭಾವಕ್ಕೆ, ಆಲೋಚನೆಗೆ, ಕುಲಕ್ಕೆ ಶಿಕ್ಷೆಯಿಲ್ಲ. ಎರಡನೆಯದು ಮನಸ್ಸಿನ ಒಪ್ಪಿಗೆ, ಅಂದರೆ ಆ ಕೃತ್ಯದ ಹಿಂದೆ ದುರುದ್ದೇಶವೋ ಶಿಕ್ಷಾರ್ಹವಾದ ಅಲಕ್ಷ್ಯವೋ ಇರಬೇಕು. ಮೂರನೆಯದು ವೈಯಕ್ತಿಕ ಹೊಣೆ: ಮಾಡಿದವನೇ ಉತ್ತರಿಸಬೇಕು, ಅವನ ಮಕ್ಕಳಲ್ಲ. ನಾಲ್ಕನೆಯದು ನಿರಪರಾಧಿತ್ವದ ಪೂರ್ವಗ್ರಹಿಕೆ: ಅಪರಾಧ ಸಾಬೀತಾಗುವವರೆಗೆ ಆಪಾದಿತನು ನಿರಪರಾಧಿ, ಸಾಬೀತುಪಡಿಸುವ ಭಾರ ಆಪಾದಿಸಿದವರದು. ಐದನೆಯದು ಪ್ರಮಾಣ: ಶಿಕ್ಷೆಯು ಅಪರಾಧದ ತೂಕವನ್ನು ಮೀರಬಾರದು. ಇಟಲಿಯ ಸೆಸಾರೆ ಬೆಕ್ಕಾರಿಯಾ 1764ರಲ್ಲಿ ಅಪರಾಧ ಮತ್ತು ಶಿಕ್ಷೆಗಳ ಕುರಿತ ತನ್ನ ಕೃತಿಯಲ್ಲಿ ಈ ಕೊನೆಯ ತತ್ತ್ವವನ್ನು ಯೂರೋಪಿನ ಮುಂದೆ ಬಲವಾಗಿ ಮಂಡಿಸಿದನು.

ಈ ಪಟ್ಟಿಯನ್ನು ಓದುವ ಗುರುವಿದ್ಯಾರ್ಥಿಗೆ ಒಂದು ಹೋಲಿಕೆ ಹೊಳೆಯದಿರದು. ಮಾರಕ ಪಾಪಕ್ಕೆ ಗಂಭೀರ ವಿಷಯ, ಪೂರ್ಣ ಅರಿವು, ಸ್ವತಂತ್ರ ಸಮ್ಮತಿ ಎಂಬ ಮೂರೂ ಕೂಡಿರಬೇಕೆಂದು ನೀತಿದೈವಶಾಸ್ತ್ರ ಬೋಧಿಸುತ್ತದೆ. ಟ್ರೆಂಟ್ ಮಹಾಸಭೆಯು 1551ರ ತನ್ನ 14ನೆಯ ಅಧಿವೇಶನದಲ್ಲಿ, ಮಾರಕ ಪಾಪಗಳನ್ನು ಬಗೆ ಮತ್ತು ಸಂಖ್ಯೆ ಸಹಿತ ನಿವೇದಿಸಬೇಕೆಂದು ವಿಧಿಸಿತು. ಅಂದರೆ ಪಾಪನಿವೇದನೆಯ ಪೀಠದ ಮುಂದೆ ಮನುಷ್ಯನು ತಾನು ಮಾಡಿದ್ದನ್ನು ಹೇಳುತ್ತಾನೆಯೇ ಹೊರತು ತಾನು ಯಾರ ಮಗನೆಂಬುದನ್ನಲ್ಲ. ಕೃತ್ಯ ಮತ್ತು ಸಮ್ಮತಿ ಇಲ್ಲದಲ್ಲಿ ದೋಷವಿಲ್ಲವೆಂಬ ಅರಿವು ನ್ಯಾಯಾಲಯಕ್ಕೂ ಪಾಪನಿವೇದನೆಗೂ ಸಮಾನವಾದದ್ದು.

2. ನ್ಯಾಯದ ನೆನಪುಳ್ಳ ನೆಲ

ಇಂಥ ವಿಚಾರಗಳು ಪಶ್ಚಿಮದಿಂದ ಹಡಗೇರಿ ಬಂದವೆಂದು ಭಾವಿಸುವುದು ಸರಿಯಲ್ಲ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ರಚಿಸಿದ ‘ಮಿತಾಕ್ಷರಾ’ ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ. ಅದರ ವ್ಯವಹಾರಾಧ್ಯಾಯದಲ್ಲಿ ನ್ಯಾಯವಿಚಾರಣೆಗೆ ನಾಲ್ಕು ಪಾದಗಳು: ವಾದಿಯ ಭಾಷೆ, ಪ್ರತಿವಾದಿಯ ಉತ್ತರ, ಪ್ರಮಾಣ ಒದಗಿಸುವ ಕ್ರಿಯೆ, ಸಾಧ್ಯಸಿದ್ಧಿ ಎಂಬ ನಿರ್ಣಯ. ವರ್ಣಭೇದದ ಶಿಕ್ಷೆಗಳು ಸ್ಮೃತಿಗಳಲ್ಲಿ ಇದ್ದವೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೂ ಆಪಾದನೆಗೆ ಉತ್ತರ ಕೇಳದೆ, ಪ್ರಮಾಣವಿಲ್ಲದೆ ನಿರ್ಣಯವಿಲ್ಲವೆಂಬ ಕ್ರಮ ಅಲ್ಲಿ ಸ್ಪಷ್ಟವಾಗಿದೆ.

ವಿಜಯಪುರ ನಗರದಲ್ಲಿ ಇಂದು ಆಸಾರ ಮಹಲ್ ಎಂದು ಕರೆಯುವ ಕಟ್ಟಡವನ್ನು ಮುಹಮ್ಮದ್ ಆದಿಲ್‌ಶಾಹನು 1646ರ ಸುಮಾರಿಗೆ ಕಟ್ಟಿಸಿದ್ದು ನ್ಯಾಯಸಭೆಗಾಗಿ. ಆಗ ಅದರ ಹೆಸರು ದಾದ್ ಮಹಲ್. ದಾದ್ ಎಂದರೆ ನ್ಯಾಯ. ‘ದಾದು ಫಿರ್ಯಾದು’ ಎಂಬ ಮಾತು ಉತ್ತರ ಕರ್ನಾಟಕದ ಆಡುನುಡಿಯಲ್ಲಿ ಇಂದಿಗೂ ಉಳಿದಿದೆ. ಪೇಶ್ವೆಗಳ ಪತನದ ಬಳಿಕ 1818ರಲ್ಲಿ ಬಿಜಾಪುರವು ಸಾತಾರೆಯ ಅರಸರ ವಶಕ್ಕೆ ಬಂದು, 1848ರಲ್ಲಿ ಬ್ರಿಟಿಷರ ನೇರ ಆಳ್ವಿಕೆಗೆ ಸೇರಿತು. 1885ರಲ್ಲಿ ಜಿಲ್ಲಾ ಕೇಂದ್ರವು ಕಲಾದಗಿಯಿಂದ ಬಿಜಾಪುರಕ್ಕೆ ವರ್ಗವಾಯಿತು.

ಅಷ್ಟು ಹೊತ್ತಿಗೆ 1860ರ ಭಾರತೀಯ ದಂಡಸಂಹಿತೆಯು ಜಾರಿಗೆ ಬಂದು ಎರಡು ದಶಕಗಳು ಕಳೆದಿದ್ದವು. ಮೆಕಾಲೆಯ ಕರಡಿನಿಂದ ಹುಟ್ಟಿದ ಆ ಸಂಹಿತೆಯಲ್ಲಿ ಮೇಲೆ ಹೇಳಿದ ಕಂಬಗಳೆಲ್ಲ ಇದ್ದವು. ಪ್ರತಿಯೊಂದು ಅಪರಾಧಕ್ಕೂ ವ್ಯಾಖ್ಯೆ, ಪ್ರತಿಯೊಂದಕ್ಕೂ ಬೇಕಾದ ಉದ್ದೇಶ, ಪ್ರತಿಯೊಂದಕ್ಕೂ ಶಿಕ್ಷೆಯ ಮಿತಿ. ಕಾನೂನಿನ ಪುಸ್ತಕದಲ್ಲಿ ಬಿಜಾಪುರದ ದೇಸಾಯಿಯೂ ಬಿಜಾಪುರದ ಬೇಟೆಗಾರನೂ ಸಮಾನರು. ಆದರೆ ಅದೇ ಸರಕಾರ ಅದೇ ಕಾಲದಲ್ಲಿ ಇನ್ನೊಂದು ಪುಸ್ತಕವನ್ನೂ ಬರೆಯಿತು.

3. ಕುಲವನ್ನೇ ಆಪಾದಿಸಿದ ಕಾನೂನು

1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಮೊದಲು ಉತ್ತರ ಭಾರತಕ್ಕೆ ಅನ್ವಯಿಸಿತು. ಅದನ್ನು ಸಮರ್ಥಿಸಿದ ಅಧಿಕಾರಿಗಳ ವಾದ ಸರಳವಾಗಿತ್ತು. ಈ ದೇಶದಲ್ಲಿ ನೇಕಾರರ ಮಗ ನೇಕಾರನಾಗುತ್ತಾನೆ, ಬಡಗಿಯ ಮಗ ಬಡಗಿಯಾಗುತ್ತಾನೆ. ಹಾಗೆಯೇ ಅಪರಾಧವನ್ನು ಕುಲಕಸುಬಾಗಿ ಪಡೆದ ಜಾತಿಗಳೂ ಇವೆ. ಆ ಕುಲ ಇರುವವರೆಗೆ ಅಪರಾಧವೂ ಇರುತ್ತದೆ. ಜಾತಿವ್ಯವಸ್ಥೆಯ ಕುರಿತ ವಸಾಹತುಶಾಹಿಯ ತಿಳಿವಳಿಕೆಯೇ ಇಲ್ಲಿ ಅಪರಾಧದ ಸಿದ್ಧಾಂತವಾಯಿತು.

1911ರ ಮೂರನೆಯ ಕಾಯಿದೆಯು ಇದನ್ನು ಇಡೀ ಬ್ರಿಟಿಷ್ ಭಾರತಕ್ಕೆ, ಬಾಂಬೆ ಪ್ರಾಂತಕ್ಕೂ ಸೇರಿಸಿ, ವಿಸ್ತರಿಸಿತು. 1924ರಲ್ಲಿ ಅದನ್ನು ಕ್ರೋಡೀಕರಿಸಿ ಹೊಸ ಕಾಯಿದೆ ಮಾಡಲಾಯಿತು. ಅದರ ಮುಖ್ಯಾಂಶಗಳನ್ನು ಮೂಲ ಪರಿಕಲ್ಪನೆಗಳ ಪಕ್ಕದಲ್ಲಿಟ್ಟು ನೋಡೋಣ. ಒಂದು ಬುಡಕಟ್ಟು, ಗುಂಪು ಅಥವಾ ವರ್ಗವು ಜಾಮೀನಿಗೆ ಬಾರದ ಅಪರಾಧಗಳನ್ನು ಕ್ರಮಬದ್ಧವಾಗಿ ಮಾಡುವ ಚಟವುಳ್ಳದ್ದೆಂದು ಸರಕಾರ ನಂಬಿದರೆ ಅದನ್ನು ಅಪರಾಧಿ ಬುಡಕಟ್ಟೆಂದು ಘೋಷಿಸಬಹುದಾಗಿತ್ತು. ಈ ಘೋಷಣೆಯ ಸಿಂಧುತ್ವವನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿರಲಿಲ್ಲ. ಘೋಷಿತ ಸಮುದಾಯದ ಸದಸ್ಯರ ಹೆಸರುಗಳನ್ನು ರಿಜಿಸ್ಟರಿನಲ್ಲಿ ಬರೆದು ಬೆರಳಚ್ಚು ತೆಗೆಯಬಹುದಾಗಿತ್ತು. ಗೊತ್ತುಪಡಿಸಿದ ವೇಳೆಗೆ ಹಾಜರಿ ಕೊಡುವುದು, ವಾಸಸ್ಥಳ ಬದಲಾದರೆ ತಿಳಿಸುವುದು, ಪಾಸಿಲ್ಲದೆ ಎಲ್ಲೆ ದಾಟದಿರುವುದು ಅವರ ಮೇಲೆ ಹೇರಲಾದ ಕರ್ತವ್ಯಗಳು. ಕೆಲವು ನಿರ್ದಿಷ್ಟ ಅಪರಾಧಗಳಿಗೆ ಎರಡನೆಯ ಬಾರಿ ಶಿಕ್ಷೆಯಾದರೆ ಕನಿಷ್ಠ 7 ವರ್ಷಗಳ ಸೆರೆ, ಮೂರನೆಯ ಬಾರಿಗೆ ಜೀವಾವಧಿ ಗಡೀಪಾರು. ಇಡೀ ಸಮುದಾಯವನ್ನು ವಸಾಹತಿನಲ್ಲಿ ಇರಿಸಲು, ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಸುಧಾರಣಾ ಶಾಲೆಗಳಿಗೆ ಸೇರಿಸಲು ಸಹ ಅವಕಾಶವಿತ್ತು.

ಕೃತ್ಯವಿಲ್ಲದೆ ಅಪರಾಧ, ಉದ್ದೇಶದ ಪರೀಕ್ಷೆಯಿಲ್ಲದೆ ದೋಷ, ವ್ಯಕ್ತಿಯ ಬದಲು ಕುಲದ ಹೊಣೆ, ಸಾಕ್ಷ್ಯದ ಬದಲು ಅಧಿಕಾರಿಯ ನಂಬಿಕೆ, ಪ್ರಮಾಣ ಮೀರಿದ ಶಿಕ್ಷೆ: ಐದು ಕಂಬಗಳೂ ಒಂದೇ ಶಾಸನದಲ್ಲಿ ಉರುಳಿದವು.

ಹಳ್ಳಿಯ ಮಟ್ಟದಲ್ಲಿ ಇದರ ಭಾರ ಬಿದ್ದದ್ದು ಗ್ರಾಮಾಧಿಕಾರದ ಮೇಲೆ. 1867ರ ಬಾಂಬೆ ಗ್ರಾಮ ಪೊಲೀಸ್ ಕಾಯಿದೆಯಂತೆ ಪ್ರಾಂತದ ಹಳ್ಳಿಗಳಲ್ಲಿ ಪೊಲೀಸ್ ಪಾಟೀಲನಿರುತ್ತಿದ್ದ. ಅವನ ಕೈಕೆಳಗೆ ಊರ ಕಾವಲಿನ ವಾಲೀಕಾರರು. ತಿಕೋಟಾ, ಬಬಲೇಶ್ವರಗಳು ಈಚೆಗೆ ಪ್ರತ್ಯೇಕ ತಾಲ್ಲೂಕುಗಳಾಗುವವರೆಗೆ ಬಿಜಾಪುರ ತಾಲ್ಲೂಕಿನಲ್ಲೇ ಇದ್ದವು. ಅಥಣಿಯ ಕಡೆಗೆ, ಜಮಖಂಡಿಯ ಕಡೆಗೆ ಹೋಗುವ ದಾರಿಗಳ ಮೇಲಿನ ಇಂಥ ಊರುಗಳ ಹೊರಬಯಲಿನಲ್ಲಿ ಅಲೆಮಾರಿಗಳ ಗುಡಾರ ಬೀಳುವುದು ಹೊಸತಲ್ಲ. ಕಾಯಿದೆ ಬಂದ ಮೇಲೆ ಗುಡಾರದವನ ಪ್ರತಿ ಹೆಜ್ಜೆಯೂ ದಾಖಲೆಗೆ ಸೇರಬೇಕಾಯಿತು. ಸಂತೆಗೆ ಹೋಗಬೇಕಾದರೂ, ನೆಂಟರ ಮನೆಯ ಮದುವೆಗೆ ಹೋಗಬೇಕಾದರೂ ಪಾಸು. ಪಾಸು ತರದವನನ್ನು ಹಿಡಿಯಬಹುದು. ಪಾಸು ತಡವಾದ್ದರಿಂದ ಕೂಲಿ ತಪ್ಪಿದವನಿಗೆ ಮಾತ್ರ ಯಾವ ಪರಿಹಾರವೂ ಇಲ್ಲ.

4. ಆ ಸಮುದಾಯಗಳು ಯಾರು?

ಬಿಜಾಪುರ ಸೀಮೆಯಲ್ಲಿ ಈ ಹಣೆಪಟ್ಟಿ ಹೊತ್ತವರಲ್ಲಿ ಹರಣಶಿಕಾರಿಗಳು, ಗಂಟಿಚೋರರು, ಛಪ್ಪರಬಂದರು, ಕೊರಮರು ಮುಖ್ಯರು. ಹೆಸರುಗಳನ್ನು ಗಮನಿಸಬೇಕು. ಹರಿಣವೆಂದರೆ ಜಿಂಕೆ, ಹರಣಶಿಕಾರಿ ಜಿಂಕೆಯ ಬೇಟೆಗಾರ. ಛಪ್ಪರಬಂದರು ಮೂಲತಃ ಮೊಗಲ ಸೈನ್ಯಗಳೊಡನೆ ಸಾಗುತ್ತ ಪಾಳೆಯಗಳಲ್ಲಿ ಹುಲ್ಲಿನ ಛಪ್ಪರ ಕಟ್ಟಿಕೊಡುತ್ತಿದ್ದ ಮುಸಲ್ಮಾನರು. ಬ್ರಿಟಿಷ್ ಪೊಲೀಸರ ಕಡತಗಳಲ್ಲಿ ಮಾತ್ರ ಅವರು ಖೋಟಾ ನಾಣ್ಯದವರು. ಕೊರಮರು ಬುಟ್ಟಿ ಹೆಣೆಯುವವರು, ಎತ್ತು ಕತ್ತೆಗಳ ಮೇಲೆ ಉಪ್ಪು ಕಾಳು ಹೇರಿಕೊಂಡು ಮಾರುತ್ತಿದ್ದವರು. ಗಂಟಿಚೋರ ಎಂಬ ಹೆಸರಿನಲ್ಲಂತೂ ಆಪಾದನೆಯೇ ಕುಲನಾಮವಾಗಿ ಕುಳಿತಿದೆ: ಗಂಟು ಕದಿಯುವವನು. ಒಂದು ಮಗುವಿಗೆ ತೊಟ್ಟಿಲಲ್ಲಿ ಹೆಸರಿಡುವ ಮೊದಲೇ ಸಮಾಜವು ಇಟ್ಟ ಹೆಸರು ಇದು.

ಈ ಜನರಲ್ಲಿ ಕೆಲವರು ಕದ್ದಿರಲಿಲ್ಲವೆಂದು ನಾವು ವಾದಿಸುತ್ತಿಲ್ಲ. ಕದ್ದವರಿದ್ದರು, ಖೋಟಾ ನಾಣ್ಯ ಎರಕ ಹೊಯ್ದವರೂ ಇದ್ದರು. ಅವರಿಂದ ನಷ್ಟಪಟ್ಟ ಬಡ ರೈತರೂ ಇದ್ದರು. ಅಂಥ ಕೃತ್ಯಗಳಿಗೆ ದಂಡಸಂಹಿತೆ ಇತ್ತು. ಪ್ರಶ್ನೆಯಿರುವುದು ಏಕೆ ಕದ್ದರು ಎಂಬುದರಲ್ಲಿ, ಕದಿಯದವರನ್ನೂ ಏಕೆ ಹಿಡಿದರು ಎಂಬುದರಲ್ಲಿ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಈ ಸಮುದಾಯಗಳ ಜೀವನೋಪಾಯಗಳು ಒಂದೊಂದಾಗಿ ಮುಚ್ಚಿಹೋದವು. ಸೈನ್ಯಗಳು ಚದುರಿದ ಮೇಲೆ ಛಪ್ಪರ ಕಟ್ಟುವವರಿಗೆ ಕೆಲಸವಿಲ್ಲ. 1878ರ ಅರಣ್ಯ ಕಾಯಿದೆ ಮತ್ತು ಅದೇ ವರ್ಷದ ಆಯುಧ ಕಾಯಿದೆಗಳ ನಂತರ ಬೇಟೆಗಾರನ ಕಸುಬಿನ ಮೇಲೆ ನಿರ್ಬಂಧ ಬಿಗಿಯಾಯಿತು. ಉಪ್ಪಿನ ಮೇಲಿನ ತೆರಿಗೆ ಮತ್ತು 1880ರ ದಶಕದಲ್ಲಿ ಹೊಟಗಿ–ಗದಗ ರೈಲುಮಾರ್ಗದ ಆಗಮನ ಸೇರಿ ಎತ್ತಿನ ಹೇರಿನ ವ್ಯಾಪಾರವನ್ನು ನುಂಗಿದವು. ಇದರ ನಡುವೆ 1876–78ರ ಬರ ಈ ಬಯಲುಸೀಮೆಯನ್ನು ಹುರಿದುಹಾಕಿತು. ಹೀಗೆ ಕಸುಬು ಕಳೆದುಕೊಂಡು ಅಲೆದವನ ಅಲೆದಾಟವೇ ಕಾನೂನಿನ ಕಣ್ಣಿಗೆ ಅನುಮಾನವಾಯಿತು.

5. ಬೇಲಿಯೊಳಗಿನ ಸುಧಾರಣೆ ಮತ್ತು ಮಿಷನರಿಗಳು

ಬಾಂಬೆ ಪ್ರಾಂತದಲ್ಲಿ ಅಪರಾಧಿ ಬುಡಕಟ್ಟುಗಳ ವಸಾಹತಿನ ಪ್ರಯೋಗ ಆರಂಭವಾದದ್ದು ಬಿಜಾಪುರ ಜಿಲ್ಲೆಯಲ್ಲಿ, 1911ರ ಕಾಯಿದೆಯ ಆಸುಪಾಸಿನ ವರ್ಷಗಳಲ್ಲಿ. ಅದನ್ನು ಕೈಗೊಂಡವರು ಸಿವಿಲ್ ಸರ್ವಿಸಿನ ಅಧಿಕಾರಿ ಓ.ಎಚ್.ಬಿ. ಸ್ಟಾರ್ಟ್. ಮುಂದೆ ಇದೇ ಮಾದರಿಯಲ್ಲಿ ಸೊಲ್ಲಾಪುರ, ಹುಬ್ಬಳ್ಳಿ, ಗದಗ ಮುಂತಾದೆಡೆ ವಸಾಹತುಗಳು ಎದ್ದವು. ಹುಬ್ಬಳ್ಳಿ ಮತ್ತು ಗದಗ–ಬೆಟಗೇರಿಗಳಲ್ಲಿ ಆ ಬಡಾವಣೆಗಳನ್ನು ಜನರು ಇಂದಿಗೂ ‘ಸೆಟ್ಲಮೆಂಟ್’ ಎಂದೇ ಕರೆಯುತ್ತಾರೆ. ಸ್ಥಳಗಳ ಆಯ್ಕೆ ಆಕಸ್ಮಿಕವಲ್ಲ. ನೂಲಿನ ಗಿರಣಿಗಳಿಗೂ ರೈಲ್ವೆ ಕಾರ್ಯಾಗಾರಕ್ಕೂ ಬಿಡದೆ ದುಡಿಯುವ ಕೈಗಳು ಬೇಕಾಗಿದ್ದವು; ಹಾಜರಿಗೆ ಬದ್ಧನಾದವನು ಕೆಲಸ ಬಿಟ್ಟು ಓಡಲಾರನು.

ಸ್ಟಾರ್ಟ್ ಅವರನ್ನು ಕೇವಲ ಕ್ರೂರ ಅಧಿಕಾರಿಯೆಂದು ಚಿತ್ರಿಸುವುದು ಚರಿತ್ರೆಗೆ ಮಾಡುವ ಅನ್ಯಾಯ. ರಕ್ತವಲ್ಲ, ಪರಿಸರವೇ ಮನುಷ್ಯನನ್ನು ಕೆಡಿಸುತ್ತದೆ. ಕೆಲಸ, ಮನೆ, ಶಾಲೆ ಕೊಟ್ಟರೆ ಅವನು ತಿದ್ದಿಕೊಳ್ಳುತ್ತಾನೆ ಎಂಬ ನಂಬಿಕೆಯಿಂದ ಅವರು ದುಡಿದರು. ಸನ್ನಡತೆ ತೋರಿದ ಕುಟುಂಬಗಳನ್ನು ಬೇಲಿಯ ಹೊರಗಿನ ಮುಕ್ತ ಕಾಲೊನಿಗಳಿಗೆ ಕಳುಹಿಸುವ ಕ್ರಮವೂ ಇತ್ತು. ಶೋಷಿತ ವರ್ಗಗಳ ಮತ್ತು ಆದಿವಾಸಿಗಳ ಸ್ಥಿತಿಗತಿ ಅರಿಯಲು ಬಾಂಬೆ ಸರಕಾರ 1928ರಲ್ಲಿ ನೇಮಿಸಿದ ಸಮಿತಿಗೆ ಅವರೇ ಅಧ್ಯಕ್ಷರು, ಡಾ. ಬಿ.ಆರ್. ಅಂಬೇಡ್ಕರ್ ಮತ್ತು ಡಾ. ಪಿ.ಜಿ. ಸೋಳಂಕಿ ಅದರ ಸದಸ್ಯರಾಗಿದ್ದರು. 1930ರಲ್ಲಿ ಆ ಸಮಿತಿ ವರದಿ ಒಪ್ಪಿಸಿತು. ಹೀಗಿದ್ದರೂ ಅವರ ಸುಧಾರಣೆಯ ಮೊದಲ ಮೆಟ್ಟಿಲು ತಂತಿಬೇಲಿಯೇ ಆಗಿತ್ತು.

ವಸಾಹತುಗಳ ಆಡಳಿತಕ್ಕೆ ಸರಕಾರವು ಮಿಷನರಿಗಳನ್ನು ಆಹ್ವಾನಿಸಿತು. ಉತ್ತರ ಭಾರತದಲ್ಲಿ ಮುಕ್ತಿಸೇನೆಯು 1908ರಲ್ಲಿ ಗೋರಖಪುರದಲ್ಲಿ ಈ ಕಾರ್ಯಕ್ಕೆ ಕೈಹಾಕಿತು. ಅದರ ನಾಯಕ ಫ್ರೆಡರಿಕ್ ಬೂತ್–ಟಕ್ಕರ್ ಅಪರಾಧವನ್ನು ಗುಣಪಡಿಸುವ ಶಾಸ್ತ್ರವೊಂದನ್ನೇ ಪ್ರತಿಪಾದಿಸಿ ಬರೆದನು. ಮದ್ರಾಸ್ ಪ್ರಾಂತದ ಸ್ಟುವರ್ಟ್‌ಪುರಂ ಸಹ ಮುಕ್ತಿಸೇನೆಯ ಕೈಯಲ್ಲಿತ್ತು. ನಮ್ಮ ಸಮೀಪದ ಸೊಲ್ಲಾಪುರದಲ್ಲಿ ಅಮೆರಿಕನ್ ಮರಾಠಿ ಮಿಷನ್, ಹುಬ್ಬಳ್ಳಿಯಲ್ಲಿ ಆಂಗ್ಲಿಕನ್ ಮಿಷನ್ ಕೆಲಕಾಲ ಈ ಹೊಣೆ ಹೊತ್ತವು. ಅವರು ಶಾಲೆ ನಡೆಸಿದರು, ಔಷಧಿ ಕೊಟ್ಟರು, ಹೊಲಿಗೆ ನೇಯ್ಗೆಗಳನ್ನು ಕಲಿಸಿದರು. ಊರಿನವರು ಹತ್ತಿರ ಸೇರಿಸದ ಜನರ ನಡುವೆ ವಾಸಿಸಿದರು. ಇವೆಲ್ಲ ಸತ್ಯ. ಆದರೆ ಹಾಜರಿ ಪುಸ್ತಕವೂ ಅವರ ಮೇಜಿನ ಮೇಲೆಯೇ ಇತ್ತು. ಶುಭಸಂದೇಶ ಸಾರುವವನೇ ಪಾಸು ಬರೆಯುವವನೂ ಆಗಿದ್ದನು.

ಇಲ್ಲಿ ಒಂದು ದೈವಶಾಸ್ತ್ರೀಯ ತೊಡಕು ಅಡಗಿದೆ. ಮನಪರಿವರ್ತನೆಯು ದೇವರ ವರಪ್ರಸಾದಕ್ಕೆ ಸ್ವತಂತ್ರ ಮನಸ್ಸು ಕೊಡುವ ಉತ್ತರ. ಬೇಲಿಯೊಳಗಿನ ಮನುಷ್ಯನ ಪ್ರಾರ್ಥನೆ ಸುಳ್ಳೆಂದು ನಾವು ಹೇಳಲಾರೆವು. ಸೆರೆಮನೆಯಲ್ಲಿ ಪೌಲನೂ ಪ್ರಾರ್ಥಿಸಿದನು. ಆದರೆ ಸನ್ನಡತೆಯ ಪ್ರಮಾಣಪತ್ರ ಕೊಡುವ ಕೈಯೇ ದೀಕ್ಷಾಸ್ನಾನದ ನೀರನ್ನೂ ಸುರಿಯುವಾಗ, ಬಯಕೆ ಯಾವುದು, ಭಯ ಯಾವುದು ಎಂಬುದನ್ನು ಬೇರ್ಪಡಿಸುವುದು ಹೇಗೆ? ಈ ಪ್ರಶ್ನೆಯನ್ನು ಅಂದಿನ ಮಿಷನರಿಗಳ ಮುಂದೆ ಮಾತ್ರ ಇಟ್ಟು ನಾವು ಕೈತೊಳೆದುಕೊಳ್ಳುವಂತಿಲ್ಲ. ಸಹಾಯವನ್ನೂ ಅಧಿಕಾರವನ್ನೂ ಒಂದೇ ಕೈಯಲ್ಲಿ ಹಿಡಿದಿರುವ ಎಲ್ಲ ಕ್ರೈಸ್ತ ಸಂಸ್ಥೆಗಳ ಮುಂದೆಯೂ ಅದು ಇಂದಿಗೂ ನಿಂತಿದೆ.

6. ಅಪರಾಧಶಾಸ್ತ್ರ ಏನು ಹೇಳುತ್ತದೆ?

ಹುಟ್ಟಪರಾಧಿಯ ಸಿದ್ಧಾಂತವನ್ನು ಶಾಸ್ತ್ರದ ರೂಪದಲ್ಲಿ ಮಂಡಿಸಿದವನು ಇಟಲಿಯ ವೈದ್ಯ ಚೆಸಾರೆ ಲೊಂಬ್ರೋಸೊ. ಅವನ ಗ್ರಂಥ ಪ್ರಕಟವಾದದ್ದು 1876ರಲ್ಲಿ. ಅಂದರೆ ಭಾರತದ ಕಾಯಿದೆ ಅದಕ್ಕಿಂತ 5 ವರ್ಷ ಹಳೆಯದು. ವಿಜ್ಞಾನವು ಕಾನೂನನ್ನು ದಾರಿತಪ್ಪಿಸಿತೆಂಬ ಸಮಾಧಾನಕ್ಕೆ ಇಲ್ಲಿ ಆಸ್ಪದವಿಲ್ಲ. ಆಡಳಿತದ ಅನುಕೂಲ ಮೊದಲು ಬಂದಿತು, ಶಾಸ್ತ್ರದ ಹೊದಿಕೆ ಅನಂತರ ಸಿಕ್ಕಿತು.

ಮುಂದಿನ ಅಪರಾಧಶಾಸ್ತ್ರಜ್ಞರು ಈ ಸಿದ್ಧಾಂತವನ್ನು ಕೈಬಿಟ್ಟರು. ಅಮೆರಿಕದ ರಾಬರ್ಟ್ ಮರ್ಟನ್ 1938ರಲ್ಲಿ ತೋರಿಸಿದಂತೆ, ಸಮಾಜವು ಎಲ್ಲರ ಮುಂದೆ ಒಂದೇ ಗುರಿಯನ್ನಿಟ್ಟು ಕೆಲವರಿಗೆ ಅದರ ನ್ಯಾಯವಾದ ದಾರಿಗಳನ್ನು ಮುಚ್ಚಿದಾಗ ಅಡ್ಡದಾರಿಗಳು ಹುಟ್ಟುತ್ತವೆ. ಉಪ್ಪಿನ ಹೇರು ಕಳೆದುಕೊಂಡ ಕೊರಮನ ಕಥೆಗೆ ಈ ವಿವರಣೆ ಎಷ್ಟು ಹತ್ತಿರವೆಂಬುದನ್ನು ಓದುಗರೇ ನೋಡಬಹುದು. ಎಡ್ವಿನ್ ಸದರ್ಲ್ಯಾಂಡ್ ಅಪರಾಧದ ನಡತೆಯೂ ಇತರ ನಡತೆಗಳಂತೆ ಸಹವಾಸದಿಂದ ಕಲಿತದ್ದೆಂದು ವಾದಿಸಿದನು. ಕಲಿತದ್ದಾದರೆ ಅದು ರಕ್ತದಲ್ಲಿಲ್ಲ. ಫ್ರಾಂಕ್ ಟ್ಯಾನೆನ್‌ಬಾಮ್ 1938ರಲ್ಲಿ, ಹೋವರ್ಡ್ ಬೆಕರ್ 1963ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಹಣೆಪಟ್ಟಿ ಹಚ್ಚುವ ಕ್ರಿಯೆಯೇ ಅಪರಾಧಿಯನ್ನು ನಿರ್ಮಿಸುತ್ತದೆ. ಒಬ್ಬನನ್ನು ಕಳ್ಳನೆಂದು ಕರೆದು, ಕಳ್ಳನಂತೆ ಕಾದು, ಕಳ್ಳನೆಂಬ ಕಾರಣಕ್ಕೆ ಕೆಲಸ ಕೊಡದೆ ಹೋದರೆ, ಅವನಿಗೆ ಉಳಿಯುವ ಪಾತ್ರ ಒಂದೇ. ಈ ಮಾತನ್ನು ಮರಾಠಿಯ ಲಕ್ಷ್ಮಣ ಗಾಯಕವಾಡರು 1987ರಲ್ಲಿ ಪ್ರಕಟವಾದ ‘ಉಚಲ್ಯಾ’ ಎಂಬ ಆತ್ಮಕಥನದಲ್ಲಿ ತಮ್ಮ ಸಮುದಾಯದ ಒಳಗಿನಿಂದಲೇ ಹೇಳಿದ್ದಾರೆ.

7. ಬೇಲಿ ಬಿದ್ದ ಮೇಲೆ

ಸ್ವಾತಂತ್ರ್ಯಾನಂತರ ಅನಂತಶಯನಂ ಅಯ್ಯಂಗಾರ್ ಅಧ್ಯಕ್ಷತೆಯ ವಿಚಾರಣಾ ಸಮಿತಿಯು ಈ ಕಾಯಿದೆಯನ್ನು ತೆಗೆದುಹಾಕಲು ಶಿಫಾರಸು ಮಾಡಿತು. 1952ರ ಆಗಸ್ಟ್ 31ರಂದು ಅದು ದೇಶದಾದ್ಯಂತ ರದ್ದಾಯಿತು. ಅಂದಿನಿಂದ ಆ ಸಮುದಾಯಗಳು ವಿಮುಕ್ತ ಬುಡಕಟ್ಟುಗಳೆನಿಸಿದವು. ಆಗಸ್ಟ್ 31ನ್ನು ಅವರು ವಿಮುಕ್ತಿಯ ದಿನವೆಂದು ಆಚರಿಸುತ್ತಾರೆ. ದೇಶದ ಉಳಿದವರಿಗಿಂತ 5 ವರ್ಷ ತಡವಾಗಿ ಅವರಿಗೆ ಸ್ವಾತಂತ್ರ್ಯ ಬಂದಿತು.

ಆದರೆ ಒಂದು ಕಾನೂನು ಹೋದ ಜಾಗಕ್ಕೆ ಇನ್ನೊಂದು ಬಂದಿತು. ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯಿದೆಗಳನ್ನು ಮಾಡಿದವು. ಕರ್ನಾಟಕದಲ್ಲಿ ಅದು 1961ರದು. ತತ್ತ್ವದಲ್ಲಿ ವ್ಯತ್ಯಾಸ ದೊಡ್ಡದು: ಇಲ್ಲಿ ಕುಲವಲ್ಲ, ವ್ಯಕ್ತಿಗೆ ಮೊದಲು ಆದ ಶಿಕ್ಷೆಗಳು ಆಧಾರ. ಆದರೂ ಹಳೆಯ ಅನುಮಾನ ಹೊಸ ಪದದೊಳಗೆ ನುಸುಳಿತು. ವಿಶ್ವಸಂಸ್ಥೆಯ ಜನಾಂಗೀಯ ತಾರತಮ್ಯ ನಿರ್ಮೂಲನಾ ಸಮಿತಿ 2007ರಲ್ಲಿ ಇಂಥ ಕಾಯಿದೆಗಳನ್ನು ರದ್ದುಪಡಿಸಲು ಭಾರತಕ್ಕೆ ಸೂಚಿಸಿತು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಸುಕನ್ಯಾ ಶಾಂತಾ ಪ್ರಕರಣದಲ್ಲಿ, ಸೆರೆಮನೆಗಳ ಕೈಪಿಡಿಗಳಲ್ಲಿ ಉಳಿದಿದ್ದ ಜಾತಿ ಆಧಾರಿತ ಕೆಲಸದ ಹಂಚಿಕೆಯನ್ನು ಸಂವಿಧಾನಬಾಹಿರವೆಂದು ಸಾರಿ, ವಿಮುಕ್ತ ಬುಡಕಟ್ಟುಗಳ ಜನರನ್ನು ಮನಬಂದಂತೆ ಬಂಧಿಸಬಾರದೆಂದು ಎಚ್ಚರಿಸಿತು. ಕಾಯಿದೆ ರದ್ದಾಗಿ 72 ವರ್ಷಗಳಾದ ಮೇಲೂ ಇದನ್ನು ಹೇಳಬೇಕಾಯಿತು.

ಒಂದೇ ಬೇಲಿಯೊಳಗಿದ್ದವರು ಇಂದು ಕರ್ನಾಟಕದ ಪಟ್ಟಿಗಳಲ್ಲಿ ಚದುರಿದ್ದಾರೆ: ಗಂಟಿಚೋರರು ಮತ್ತು ಕೊರಮರು ಪರಿಶಿಷ್ಟ ಜಾತಿ, ಹರಣಶಿಕಾರಿಗಳು ಪರಿಶಿಷ್ಟ ಪಂಗಡ, ಛಪ್ಪರಬಂದರು ಹಿಂದುಳಿದ ವರ್ಗಗಳ ಪ್ರವರ್ಗ ಒಂದು. ಸಮಾನವಾದ ನೋವಿಗೆ ಸಮಾನವಾದ ಧ್ವನಿ ದೊರೆಯದಿರಲು ಇದೂ ಒಂದು ಕಾರಣ.

8. ದೈವಶಾಸ್ತ್ರದ ವಿವೇಚನೆ

ಪವಿತ್ರ ಗ್ರಂಥದಲ್ಲಿ ಕುಲದ ಹೊಣೆಯ ನೆರಳುಗಳಿವೆ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ಯೆಹೋಶುವನ 7ನೆಯ ಅಧ್ಯಾಯದಲ್ಲಿ ಆಕಾನನ ಕಳ್ಳತನಕ್ಕೆ ಅವನ ಮನೆಯವರೂ ಬಲಿಯಾಗುತ್ತಾರೆ. ಆದರೆ ದೇವಪ್ರಜೆಯ ಅರಿವು ಅಲ್ಲಿಗೇ ನಿಲ್ಲಲಿಲ್ಲ. ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ತಂದೆಯ ಅಪರಾಧಕ್ಕೆ ಮಗನನ್ನೂ ಮಗನ ಅಪರಾಧಕ್ಕೆ ತಂದೆಯನ್ನೂ ಕೊಲ್ಲಬಾರದೆಂದು ವಿಧಿಸುತ್ತದೆ. ಪ್ರವಾದಿ ಯೆಜೆಕಿಯೇಲನು 18ನೆಯ ಅಧ್ಯಾಯದಲ್ಲಿ, ಪಿತೃಗಳ ದೋಷದ ಕುರಿತು ಜನರು ಆಡುತ್ತಿದ್ದ ಗಾದೆಯನ್ನೇ ದೇವರ ಹೆಸರಿನಲ್ಲಿ ನಿಲ್ಲಿಸುತ್ತಾನೆ. ಯೊವಾನ್ನನ ಶುಭಸಂದೇಶದ 9ನೆಯ ಅಧ್ಯಾಯದಲ್ಲಿ ಹುಟ್ಟುಗುರುಡನನ್ನು ಕಂಡ ಶಿಷ್ಯರು ಪಾಪ ಇವನದೋ ತಂದೆತಾಯಿಗಳದೋ ಎಂದು ಕೇಳಿದಾಗ ಪ್ರಭುವು ಆ ಎರಡು ಆಯ್ಕೆಗಳನ್ನೂ ತಳ್ಳಿಹಾಕುತ್ತಾರೆ. ಹುಟ್ಟಿನ ಹಿಂದೆ ಆಪಾದನೆ ಹುಡುಕುವ ಕಣ್ಣನ್ನೇ ಅವರು ತಿದ್ದುತ್ತಾರೆ.

ಇಲ್ಲಿ ಒಬ್ಬ ಗುರುವಿದ್ಯಾರ್ಥಿ ಕೇಳಬಹುದಾದ ಆಕ್ಷೇಪವೊಂದಿದೆ: ಜನ್ಮಪಾಪದ ಬೋಧನೆಯಲ್ಲಿ ನಾವೂ ಹುಟ್ಟಿನಿಂದ ಬರುವ ದೋಷವನ್ನು ಒಪ್ಪುತ್ತೇವಲ್ಲ? ಉತ್ತರ ಎರಡು ಭಾಗದ್ದು. ಮೊದಲನೆಯದಾಗಿ, ಜನ್ಮಪಾಪವು ಆದಾಮನ ಸಂತಾನದವರಲ್ಲಿ ಯಾರಿಗೂ ವೈಯಕ್ತಿಕ ತಪ್ಪಿನ ಸ್ವರೂಪದಲ್ಲಿಲ್ಲವೆಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ 405ನೆಯ ಪರಿಚ್ಛೇದದಲ್ಲಿ ಬೋಧಿಸುತ್ತದೆ. ಎರಡನೆಯದಾಗಿ, ಅದು ಎಲ್ಲರಿಗೂ ಸಮಾನ. ಕಲೆಕ್ಟರನೂ ಹರಣಶಿಕಾರಿಯೂ, ಮಿಷನರಿಯೂ ಗಂಟಿಚೋರನೂ ಅದರಲ್ಲಿ ಪಾಲುದಾರರು. ಆದುದರಿಂದ ಈ ಬೋಧನೆಯನ್ನು ಸರಿಯಾಗಿ ಅರಿತವನು ಒಂದು ಕುಲವನ್ನು ಮಾತ್ರ ಬೇರೆಯಾಗಿ ಎತ್ತಿ ತೋರಿಸಲಾರನು. ಹುಟ್ಟಪರಾಧಿಯ ಸಿದ್ಧಾಂತಕ್ಕೆ ಜನ್ಮಪಾಪದ ಬೋಧನೆಯು ಬೆಂಬಲವಲ್ಲ, ಖಂಡನೆ.

ನಿರಪರಾಧಿತ್ವದ ಪೂರ್ವಗ್ರಹಿಕೆಗೆ ದಾನಿಯೇಲನ 13ನೆಯ ಅಧ್ಯಾಯದ ಸುಸನ್ನಳ ವೃತ್ತಾಂತಕ್ಕಿಂತ ಉತ್ತಮ ಪಾಠವಿಲ್ಲ. ಹಿರಿಯರಿಬ್ಬರ ಮಾತೇ ಸಾಕ್ಷ್ಯವೆಂದು ಸಭೆ ಆಕೆಗೆ ಮರಣದಂಡನೆ ವಿಧಿಸಿಬಿಟ್ಟಿರುತ್ತದೆ. ತರುಣ ದಾನಿಯೇಲನು ಸಾಕ್ಷಿಗಳನ್ನು ಬೇರೆಬೇರೆಯಾಗಿ ನಿಲ್ಲಿಸಿ, ಯಾವ ಮರದ ಕೆಳಗೆ ಕಂಡಿರೆಂದು ಒಬ್ಬೊಬ್ಬರನ್ನೇ ಕೇಳುತ್ತಾನೆ. ಉತ್ತರಗಳು ಹೊಂದುವುದಿಲ್ಲ. ಅಧಿಕಾರಸ್ಥರ ನಂಬಿಕೆಯು ಸಾಕ್ಷ್ಯದ ಸ್ಥಾನ ಪಡೆಯಬಾರದೆಂಬುದು ಆ ಕಥೆಯ ತಿರುಳು. ಕಾಯಿದೆಯು ಮರೆತದ್ದೂ ಅದನ್ನೇ. ಧರ್ಮಸಭೆಯ ಕಾನೂನು ಸಹ ಇದನ್ನು ಈಗ ಅಕ್ಷರಶಃ ಸ್ವೀಕರಿಸಿದೆ. 2021ರ ಡಿಸೆಂಬರ್ 8ರಿಂದ ಜಾರಿಗೆ ಬಂದ ಪರಿಷ್ಕೃತ ದಂಡವಿಧಿಯ 1321ನೆಯ ಶಾಸನದ ಮೊದಲ ಕಲಮು, ಸಾಬೀತಾಗುವವರೆಗೆ ಪ್ರತಿಯೊಬ್ಬನೂ ನಿರಪರಾಧಿಯೆಂದು ಸಾರುತ್ತದೆ.

ಕೊನೆಯದಾಗಿ ಕಾಯಿನನ ಗುರುತು. ಆದಿಕಾಂಡದ 4ನೆಯ ಅಧ್ಯಾಯದಲ್ಲಿ ದೇವರು ಕೊಲೆಗಾರನ ಮೇಲೆ ಗುರುತು ಹಾಕುವುದು ಜನರು ಅವನನ್ನು ಹಿಂಸಿಸಲೆಂದಲ್ಲ, ಯಾರೂ ಅವನನ್ನು ಕೊಲ್ಲದಿರಲೆಂದು. ಅಪರಾಧ ಸಾಬೀತಾದವನಿಗೂ ದೇವರು ಇಟ್ಟ ಗುರುತು ರಕ್ಷಣೆಯದು. ರಿಜಿಸ್ಟರಿನಲ್ಲಿ ಒತ್ತಿಸಿಕೊಂಡ ಬೆರಳಚ್ಚು ಇದಕ್ಕೆ ತೀರ ತದ್ವಿರುದ್ಧ.

9. ಪಾಲನಾಕಾರ್ಯಕ್ಕೆ ಕೆಲವು ಸೂಚನೆಗಳು

ಈ ಚರಿತ್ರೆಯಿಂದ ಗುರುಗಳೂ ಗುರುವಿದ್ಯಾರ್ಥಿಗಳೂ ಪಡೆಯಬಹುದಾದ ಪಾಠಗಳು ಹಲವು. ಮೂರನ್ನು ಮಾತ್ರ ಹೇಳುತ್ತೇವೆ.

ಮೊದಲನೆಯದು ಭಾಷೆಯ ಶಿಸ್ತು. ಕಳವಾದ ಮರುದಿನ ಊರು ಯಾರ ಗುಡಿಸಿಲ ಕಡೆಗೆ ನೋಡುತ್ತದೆ ಎಂಬುದು ವಿಜಯಪುರ, ತಿಕೋಟಾ, ಬಬಲೇಶ್ವರಗಳ ಸುತ್ತ ಸೇವೆಗೆ ಹೋಗುವವರು ಕೇಳಿಕೊಳ್ಳಬೇಕಾದ ಪ್ರಶ್ನೆ. ನೀರಾವರಿ ಬಂದು ದ್ರಾಕ್ಷಿ ತೋಟಗಳೆದ್ದ ಈ ಸೀಮೆಯಲ್ಲಿ ಕೂಲಿಗಾಗಿ ಬಂದುಹೋಗುವ ಜನರು ಬಹಳ. ಗುರುವಿನ ಬಾಯಿಂದ ಬರುವ ‘ಆ ಜನ’ ಎಂಬ ಒಂದು ಮಾತು ಹಳೆಯ ಕಾಯಿದೆಗೆ ಮರುಜೀವ ಕೊಡಬಲ್ಲದು. ಹಾಸ್ಯಕ್ಕಾಗಿಯೂ ಕುಲದ ಹೆಸರನ್ನು ಬೈಗುಳವಾಗಿ ಬಳಸದಿರುವುದು ಪ್ರಬೋಧಕನ ಕನಿಷ್ಠ ಧರ್ಮ.

ಎರಡನೆಯದು ಸೆರೆಮನೆಯ ಸೇವೆ. ಮತ್ತಾಯನ 25ನೆಯ ಅಧ್ಯಾಯದಲ್ಲಿ ಪ್ರಭುವು ಸೆರೆಯಲ್ಲಿದ್ದವನನ್ನು ಕಾಣಬಂದವರನ್ನು ಹರಸುವಾಗ, ಸೆರೆಯಾಳು ನಿರಪರಾಧಿಯೇ ಎಂದು ಕೇಳುವುದಿಲ್ಲ. ಆದರೂ ಸೇವೆಗೆ ಹೋಗುವವನಿಗೆ ವಿಚಾರಣಾಧೀನ ಕೈದಿಗೂ ಶಿಕ್ಷೆಗೊಳಗಾದ ಕೈದಿಗೂ ಇರುವ ಅಂತರ, ಜಾಮೀನಿನ ಹಕ್ಕು, ಉಚಿತ ಕಾನೂನು ನೆರವಿನ ದಾರಿ ತಿಳಿದಿರಬೇಕು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಮತ್ತು ಅದರ ಜೊತೆಯ ಎರಡು ಹೊಸ ಸಂಹಿತೆಗಳು ಜಾರಿಗೆ ಬಂದಿವೆ. ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯೂ ಈಗ ಒಂದು ಶಿಕ್ಷೆ. ಇವುಗಳ ಸಾಮಾನ್ಯ ಪರಿಚಯ ಗುರುಮಠದ ಪಠ್ಯದಲ್ಲಿ ಇರುವುದು ಒಳ್ಳೆಯದು.

ಮೂರನೆಯದು ಸುಧಾರಣೆಯ ಸ್ವರೂಪ. 1974ರಲ್ಲಿ ಕೆನಡಾದ ಕಿಚನರ್ ಸಮೀಪದ ಎಲ್ಮೈರಾ ಪಟ್ಟಣದಲ್ಲಿ ಇಬ್ಬರು ಯುವಕರು ಹಲವರ ಆಸ್ತಿ ಹಾಳುಮಾಡಿದಾಗ, ಮೆನ್ನೊನೈಟ್ ಕ್ರೈಸ್ತರ ಪ್ರೇರಣೆಯಿಂದ ಅವರನ್ನು ನಷ್ಟಹೊಂದಿದ ಪ್ರತಿಯೊಬ್ಬರ ಮನೆಬಾಗಿಲಿಗೂ ಕರೆದೊಯ್ದು ಪರಿಹಾರದ ಮಾತಾಡಿಸಲಾಯಿತು. ಪುನಃಸ್ಥಾಪನಾ ನ್ಯಾಯವೆಂಬ ಇಂದಿನ ಚಳವಳಿಯ ಆರಂಭಗಳಲ್ಲಿ ಅದೊಂದು. ಬಿಜಾಪುರದ ವಸಾಹತಿನಲ್ಲಿಯೂ ಕ್ರೈಸ್ತರು ಸುಧಾರಣೆಯನ್ನೇ ಬಯಸಿದ್ದರು, ಕಿಚನರಿನಲ್ಲಿಯೂ ಸುಧಾರಣೆಯನ್ನೇ ಬಯಸಿದರು. ಅಂತರವಿರುವುದು ಒಂದರಲ್ಲಿ ಮಾತ್ರ: ಕಿಚನರಿನಲ್ಲಿ ಕೃತ್ಯ ಮಾಡಿದವನು ತಾನೇ ನಡೆದು ಹೋಗಿ, ತನ್ನಿಂದ ನೊಂದವನ ಮುಖ ನೋಡಿದನು. ಲೂಕನ 19ನೆಯ ಅಧ್ಯಾಯದ ಜಕ್ಕಾಯನೂ ಹಾಗೆಯೇ. ಊರೆಲ್ಲ ಅವನನ್ನು ಪಾಪಿಯೆಂದು ಕರೆಯುತ್ತಿತ್ತು. ಪ್ರಭುವು ಅವನನ್ನು ಹೆಸರಿಡಿದು ಕರೆದು, ಅವನ ಮನೆಗೆ ಅತಿಥಿಯಾಗಿ ಹೋದರು. ನಾಲ್ಕರಷ್ಟು ಹಿಂದಿರುಗಿಸುವ ಮಾತು ಅವನ ಬಾಯಿಂದ ಬಂದದ್ದು ಆಮೇಲೆ, ಯಾರ ಬಲವಂತವೂ ಇಲ್ಲದೆ. ಅವನನ್ನು ಕುಲದಿಂದ ಹೊರಗಿಟ್ಟಿದ್ದ ಜನರ ಮುಂದೆಯೇ ಅವನೂ ಅಬ್ರಹಾಮನ ಮಗನೆಂದು ಪ್ರಭುವು ಸಾರಿದರು. ಕುಲದ ಹೆಸರಿನಿಂದ ಕಳಂಕಿತರಾದವರ ನಡುವೆ ಸೇವೆಗೆ ಹೋಗುವವರು ಕಲಿಯಬೇಕಾದ ಕ್ರಮ ಇದು: ಮೊದಲು ಹೆಸರು, ಆಮೇಲೆ ಮನೆ, ಆಮೇಲೆ ಅವನದೇ ಮಾತು.